ಕರಿಯವ್ವನ ಹೆಸರುಕಾಳನ್ನೂ ನನ್ನ ಐದು ನಕ್ಷತ್ರಗಳನ್ನೂ ಹಿಂದಿರುಗಿಸಿ

ಪಟ್ಟಣ ಪಂಚಾಯಿತಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಗಣೇಶನ ಹಬ್ಬ ಮುಗಿದ ಮರುದಿನ ನಿಮ್ಮ ಆ್ಯಪ್‌ನಲ್ಲಿ ರಸ್ತೆ ಮೇಲಿನ ರಾಶಿಯ ಬಗ್ಗೆ ದೂರು ಕೊಟ್ಟವಳು ನಾನೇ. ದೂರುದಾರರ ಗುರುತನ್ನು ಯಾವ ಕಾರಣಕ್ಕೂ ಹೊರಗೆ ಬಿಡುವುದಿಲ್ಲ ಎಂದು ನೀವು ಮಾತು ಕೊಟ್ಟಿದ್ದೀರಿ. ಅದನ್ನು ಉಳಿಸಿಕೊಂಡಿದ್ದೀರಿ ಕೂಡ. ನಿಮ್ಮ ಕಚೇರಿ ಉಳಿಸಿಕೊಂಡ ಮಾತುಗಳು ಹೆಚ್ಚೇನೂ ಇಲ್ಲದ ಕಾರಣ ಇದನ್ನು ಮುರಿಯಲು ನನಗೆ ಸಂಕೋಚವಾಗುತ್ತಿದೆ. ಆದರೂ ಈ ಪತ್ರಿಕೆಯ ಮೂಲಕ ಮುರಿಯುತ್ತಿದ್ದೇನೆ. ಏಕೆಂದರೆ ನನ್ನ ಗುರುತನ್ನು ನೀವು ಇಷ್ಟು ಜೋಪಾನವಾಗಿ ಕಾಯುತ್ತಿರುವಾಗ, ಕರಿಯವ್ವ ಎಂಬ ರೈತ ಮಹಿಳೆಯ ಹೆಸರುಕಾಳು ನಿಮ್ಮ ಕಚೇರಿಯ ಹಿತ್ತಲಲ್ಲಿ ನೆನೆದು ಮೊಳಕೆಯೊಡೆಯುತ್ತಿದೆ. ಅದನ್ನು ಅವಳಿಗೆ ಹಿಂದಿರುಗಿಸಿ. ಇದು ಬೇಡಿಕೆ. ಉಳಿದದ್ದು, ಈ ಬೇಡಿಕೆ ಇಡಲು ನನಗೆ ಎಷ್ಟು ಕಡಿಮೆ ಅಧಿಕಾರವಿದೆ ಎಂಬುದರ ವಿವರ.

ನಮ್ಮ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅದು ನಿಮ್ಮ ಕಚೇರಿಯ ಬೋರ್ಡಿನ ಮೇಲಿದೆ. ರೋಣದ ಕಡೆ ಬಸ್ಸಿನಲ್ಲಿ ಬಂದ ಓದುಗರಿಗೆ ಇಷ್ಟು ಹೇಳಿದರೆ ಸಾಕು: ಸುತ್ತ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣಿನ ಎರೆ ಹೊಲ, ನಡುವೆ ಒಂದು ಡಾಂಬರು ರಸ್ತೆ, ರಸ್ತೆಯ ತುದಿಗೆ ಕಾಳುಕಡಿಯ ಅಂಗಡಿಗಳು. ಅವುಗಳಲ್ಲಿ ಒಂದು ನಮ್ಮ ತಂದೆ ಕಳಕಪ್ಪನವರದು. ನಮಗೆ ಹೊಲವೂ ಇದೆ, ಆದರೆ ನಮ್ಮ ಮನೆಯವರು ಯಾರೂ ಉಳುವುದಿಲ್ಲ, ಪಾಲಿಗೆ ಕೊಟ್ಟಿದ್ದೇವೆ. ನಾನು ಐದನೇ ತರಗತಿಯಿಂದ ಧಾರವಾಡದ ಇಂಗ್ಲಿಷ್ ಮೀಡಿಯಂ ಶಾಲೆಯ ಹಾಸ್ಟೆಲ್‌ನಲ್ಲಿದ್ದೆ. ಈ ವರ್ಷ ಗದಗಿನಲ್ಲಿ ಬಿಎಸ್ಸಿ ಸೇರಿ ಮತ್ತೊಂದು ಹಾಸ್ಟೆಲ್‌ನಲ್ಲಿದ್ದೇನೆ. ಊರಿಗೆ ನಾನು ಬರುವುದು ಹಬ್ಬಕ್ಕೆ, ಹೋಗುವುದು ಬಟ್ಟೆ ಒಣಗುವ ಮೊದಲು. ಈ ಪತ್ರದ ಕನ್ನಡ ಅಲ್ಲಲ್ಲಿ ಎಡವಿದರೆ ಕ್ಷಮಿಸಿ. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂಬುದು ನಿಮಗೆ ಈಗಾಗಲೇ ಗೊತ್ತು.

ಆ ದಿನ ಹಬ್ಬ ಮುಗಿಸಿ ಕಾಲೇಜಿಗೆ ಹಿಂದಿರುಗುತ್ತಿದ್ದೆ. ನನ್ನ ಮೊದಲ ಇಂಟರ್ನಲ್ ಪರೀಕ್ಷೆ. ನನಗೆ ಹೆದರಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಅಟೆಂಡೆನ್ಸ್ ಕಡಿಮೆಯಾದೀತು, ಹಾಲ್ ಟಿಕೆಟ್ ಬ್ಯಾಗಿನ ಯಾವ ಖಾನೆಯಲ್ಲಿದೆಯೋ, ಬಾಗಿಲು ಮುಚ್ಚಿದ ಮೇಲೆ ನಾನು ಹೋಗಿ ಬಡಿದಾಗ ಒಳಗಿನವರೆಲ್ಲ ತಿರುಗಿ ನೋಡಿದರೆ, ಹೀಗೆ. ಬಸ್ಸು ಊರು ದಾಟಿದ್ದೇ ತಡ ನಿಂತಿತು. ಮುಂದೆ ರಸ್ತೆಯ ಅರ್ಧಕ್ಕೆ, ಗಾಲಿಗೆ ಸಿಕ್ಕಿ ಕಾಳು ಬಿಡಲೆಂದು, ಕಿತ್ತ ಹೆಸರುಗಿಡಗಳನ್ನು ಹಾಸಿದ್ದರು, ಅಂಚಿಗೆ ಕಲ್ಲು ಸಾಲಿಟ್ಟಿದ್ದರು. ಧೂಳಿಗೆ ಸೆರಗನ್ನು ಮುಖದ ತುಂಬ ಸುತ್ತಿಕೊಂಡ ಒಬ್ಬ ಹೆಂಗಸು ಕೋಲು ಹಿಡಿದು ನಿಂತಿದ್ದಳು. ನಮ್ಮ ಬಸ್ಸಿನ ಡ್ರೈವರ್ ಬಾಷಾಸಾಬ ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಬಸ್ಸಿಗೆ ಕೇಳುವಂತೆ ಶುರು ಮಾಡಿದರು.

"ಏ ಯಕ್ಕಾ, ಇದೇನ್ ರೋಡ ಐತೋ, ನಿಮ್ಮತ್ತಿ ಅಂಗಳ ಐತೋ?"

"ನಮ್ಮತ್ತಿ ಅಂಗಳ ಆಗಿದ್ರ ನಿನ್ನ ಬಾಗಲದಾಗ ನಿಲ್ಲಸ್ತಿದ್ನಿ. ಸುಮ್ನ ಹಾಯಿಸು. ಬ್ರೇಕ್ ಹಾಕಿದಿ ಅಂದ್ರ ಕಾಳೆಲ್ಲ ಬ್ಯಾಳಿ ಆಗತಾವ ನೋಡ."

"ನಿನ್ನ ರಾಶಿ ತುಳಿಯಾಕ ಸರ್ಕಾರ ನನಗ ಪಗಾರ ಕೊಡತೈತೇನ?"

"ಸರ್ಕಾರ ಕೊಡಂಗಿಲ್ಲ ಅಂತನ ಪ್ರತಿವರ್ಷ ನಾ ಒಂದ ಬೊಗಸಿ ಕೊಡತೇನಿ. ಅದನ್ನೂ ಸಣ್ಣ ಬೊಗಸಿ ಅಂತಿ."

ಬಸ್ಸಿನಲ್ಲಿದ್ದವರು ಯಾರೂ ನಡುವೆ ಬಾಯಿ ಹಾಕಲಿಲ್ಲ. ಕೆಲವರು ನಗುತ್ತಲೂ ಇದ್ದರು. ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಅನ್ನುವುದೇ ಇಲ್ಲ ಎಂದುಕೊಂಡೆ. ನಾನು ಬೆಳೆದ ಕಡೆ ದನಿ ಏರಿತು ಎಂದರೆ ಜಗಳ. ಜಗಳವೆಂದರೆ ವಾರ್ಡನ್ ಬರುತ್ತಾರೆ. ಇಲ್ಲಿ ವಾರ್ಡನ್ ಯಾರು ಎಂದು ಯೋಚಿಸಿದೆ. ನೀವು ನೆನಪಾದಿರಿ. ಅಷ್ಟರಲ್ಲಿ ಆ ಹೆಂಗಸು ಬಸ್ಸಿನ ಕಡೆಗೆ ಬಲಗೈ ಎತ್ತಿದಳು. ನಾನು ಫೋಟೋ ತೆಗೆದೆ. ಬಸ್ಸು ರಾಶಿಯ ಮೇಲೆ ನಿಧಾನವಾಗಿ ಹಾಯ್ದು ಮುಂದೆ ಹೋಯಿತು. ನಾನು ಮಾತ್ರ ಹಾಯಲಿಲ್ಲ. ರಸ್ತೆಯನ್ನು ಕಾನೂನುಬಾಹಿರವಾಗಿ ಆಕ್ರಮಿಸಲಾಗಿದೆ, ಚಾಲಕನೊಂದಿಗೆ ಜಗಳವಾಡಲಾಗಿದೆ, ಧಾನ್ಯದ ಆಮಿಷ ಒಡ್ಡಲಾಗಿದೆ, ಫೋಟೋದಲ್ಲಿರುವ ಮಹಿಳೆ ಕೈ ಎತ್ತಿ ಬೆದರಿಸುತ್ತಿದ್ದಾಳೆ, ವಿದ್ಯಾರ್ಥಿಗಳ ಭವಿಷ್ಯ ಅಪಾಯದಲ್ಲಿದೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಸ್ಪೆಲಿಂಗ್ ಎರಡು ಸಲ ನೋಡಿ ಕಳಿಸಿದೆ. ಪರೀಕ್ಷೆಗೆ ತಲುಪಿದಾಗ ಕೊಠಡಿಯ ಬಾಗಿಲನ್ನೇ ಇನ್ನೂ ತೆರೆದಿರಲಿಲ್ಲ. ಹೊರಗೆ ನಿಂತು ಬಾಳೆಹಣ್ಣು ತಿಂದೆ.

ಮಾನ್ಯರೇ, ನಿಮ್ಮ ವೇಗಕ್ಕೆ ಒಂದು ಮಾತು ಹೇಳಲೇಬೇಕು. ನಮ್ಮ ಓಣಿಯ ಬೀದಿದೀಪಕ್ಕಾಗಿ ನನ್ನ ತಾಯಿ ಕನ್ನಡದಲ್ಲಿ ಬರೆದ ಅರ್ಜಿ ನಿಮ್ಮಲ್ಲಿ ಎಷ್ಟು ದಿನದಿಂದ ಮಲಗಿದೆಯೋ, ಅದನ್ನು ಎಬ್ಬಿಸುವ ಧೈರ್ಯ ಯಾರಿಗೂ ಬಂದಿಲ್ಲ. ನನ್ನ ದೂರಿಗೆ ಮಾತ್ರ ಮರುದಿನವೇ ಕಸದ ಟ್ರ್ಯಾಕ್ಟರ್ ಬಂತು. ಅರ್ಧ ಒಕ್ಕಿದ್ದ ಕಾಳು, ಒಕ್ಕದ ಗಿಡ, ಹೊಟ್ಟು ಎಲ್ಲವನ್ನೂ ಒಟ್ಟಿಗೆ ಬಾಚಿ ತುಂಬಿಕೊಂಡು ಹೋಯಿತು. ರಸ್ತೆಯ ಗುಂಡಿ ಮುಚ್ಚಲು ಡಾಂಬರಿಲ್ಲ ಎನ್ನುವ ಕಚೇರಿಗೆ ಇದಕ್ಕೆ ಡೀಸೆಲ್ ಎಲ್ಲಿಂದ ಬಂತು? ನನ್ನ ಸಮಸ್ಯೆ ದೊಡ್ಡದಾಗಿತ್ತೋ, ಅಥವಾ ನನ್ನ ಭಾಷೆಯೋ? ಹಾಸ್ಟೆಲ್ ಮೆಸ್‌ನಲ್ಲಿ ತಿಂಡಿಗೆ ಕುಳಿತಿದ್ದಾಗ ನಿಮ್ಮ ಸಂದೇಶ ಬಂತು: ನಿಮ್ಮ ದೂರು ಇತ್ಯರ್ಥವಾಗಿದೆ, ನಮ್ಮ ಸೇವೆಗೆ ಅಂಕ ನೀಡಿ. ಪಕ್ಕದವರಿಗೆಲ್ಲ ತೋರಿಸಿದೆ. ನನ್ನ ಒಂದು ಮಾತಿಗೆ ಒಂದು ಸರ್ಕಾರಿ ಕಚೇರಿ ಅಲುಗಾಡಿದ್ದು ಅದೇ ಮೊದಲು. ಐದಕ್ಕೆ ಐದು ನಕ್ಷತ್ರ ಕೊಟ್ಟೆ. ಅಂದು ಮೆಸ್‌ನಲ್ಲಿ ಮೊಳಕೆ ಬರಿಸಿದ ಹೆಸರುಕಾಳು ಕೊಟ್ಟಿದ್ದರು, ಪ್ರೋಟೀನ್ ಎಂದು. ಈಗ ಅದನ್ನು ಕೊಟ್ಟ ದಿನ ತಟ್ಟೆಯನ್ನು ಪಕ್ಕದವಳಿಗೆ ದಾಟಿಸುತ್ತೇನೆ.

ಸುದ್ದಿ ಹೇಳಿದ್ದು ಅಮ್ಮ, ಫೋನಿನಲ್ಲಿ, ಬೇರೆ ಏನೋ ಹೇಳುತ್ತ ನಡುವೆ. ನಮ್ಮ ಪಾಲಿನ ಕರಿಯವ್ವನ ರಾಶಿಯನ್ನು ಎತ್ತಿಕೊಂಡು ಹೋದರಂತೆ, ಯಾರೋ ಪುಣ್ಯಾತ್ಮರು ಇಂಗ್ಲಿಷಿನಲ್ಲಿ ದೂರು ಬರೆದಿದ್ದರಂತೆ. ನಾನು ಫೋನ್ ಕಿವಿಗಿಟ್ಟುಕೊಂಡೇ ಆ ಫೋಟೋ ತೆರೆದು ನೋಡಿದೆ. ಸೆರಗಿನ ನಡುವೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಕರಿಯವ್ವ ನನ್ನನ್ನು ಅಂಗನವಾಡಿಗೆ ಸೊಂಟದ ಮೇಲೆ ಹೊತ್ತುಕೊಂಡು ಹೋದವಳು. ಹಾಸ್ಟೆಲ್‌ಗೆ ಹೋಗುವ ಮುನ್ನಿನ ಬೇಸಿಗೆಯೆಲ್ಲ ನಾನು ಅವಳ ಬೆನ್ನ ಹಿಂದೆಯೇ ಹೊಲದಲ್ಲಿದ್ದೆ. ಅವಳ ಕಣ್ಣು ನನಗೆ ಗುರುತು ಸಿಗಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೂ, ಗೊತ್ತಾದ ಮೇಲೂ, ಸ್ವಲ್ಪ ಹೊತ್ತು ಸಿಗಲಿಲ್ಲ.

ಅವಳ ಗಂಡ ದುರಗಪ್ಪ ಕಟ್ಟಡದ ಕೆಲಸಕ್ಕೆ ಮಂಗಳೂರಿನ ಕಡೆ ಹೋಗಿದ್ದಾನೆ. ನಮ್ಮ ಹೊಲವನ್ನು ಪಾಲಿಗೆ ಮಾಡುವವಳು ಅವಳೊಬ್ಬಳೇ. ಮುಂಗಾರಿನ ಹೆಸರುಕಾಳು ಮಾರಿ, ಅದರಲ್ಲಿ ಕಡಲೆಬೀಜ ತಂದು, ಮಳೆ ಬಿಟ್ಟ ಮೇಲಿನ ಹದಕ್ಕೆ ಅದೇ ಹೊಲದಲ್ಲಿ ಹಿಂಗಾರಿ ಬಿತ್ತಬೇಕು. ಕಾಳು ಕೈಗೆ ಬರದಿದ್ದರೆ ಬೀಜವಿಲ್ಲ. ಬಿತ್ತದಿದ್ದರೆ ಹೊಲವನ್ನು ಬೇರೆಯವರಿಗೆ ಕೊಡುವುದಾಗಿ ನಮ್ಮ ತಂದೆ ಅವಳಿಗೆ ಹೇಳಿದ್ದಾರೆ. ಅಂದರೆ ನಿಮ್ಮ ಹಿತ್ತಲಲ್ಲಿರುವುದು ಬರೀ ಕಾಳಲ್ಲ, ಅವಳ ಹೊಲ. ಹದ ನಿಮ್ಮ ಕಡತ ಮುಗಿಯುವವರೆಗೆ ಕಾಯುವುದಿಲ್ಲ.

ಇಲ್ಲಿ ನಾನು ನಮ್ಮ ಮನೆಯ ಮಾತನ್ನು ಬೀದಿಗೆ ತರಬೇಕಾಗಿದೆ. ರಾಶಿಯಲ್ಲಿ ಅರ್ಧ ಭೂಮಾಲೀಕರದು. ನಮ್ಮ ತಂದೆ ನಿಮಗೆ ಒಂದು ಫೋನ್ ಮಾಡಿದರು. ಅದೇ ಸಂಜೆ ನಿಮ್ಮ ಅದೇ ಟ್ರ್ಯಾಕ್ಟರ್ ಅರ್ಧ ರಾಶಿಯನ್ನು ನಮ್ಮ ಗೋದಾಮಿಗೆ ತಂದು ಇಳಿಸಿತು. ಉಳಿದರ್ಧ ನಿಮ್ಮಲ್ಲೇ ಉಳಿಯಿತು. ಒಂದೇ ಗಿಡದ ಕಾಯಿ, ಒಂದೇ ರಸ್ತೆಯ ಧೂಳು, ಒಂದೇ ಬಸ್ಸಿನ ಗಾಲಿ. ಅದರಲ್ಲಿ ಅರ್ಧ ನಿರಪರಾಧಿ, ಅರ್ಧ ಅಪರಾಧಿ. ಯಾವ ಕಾಳು ಯಾರದು ಎಂದು ನಿಮ್ಮ ಸಿಬ್ಬಂದಿ ಹೇಗೆ ಗುರುತು ಹಿಡಿದರು? ನನಗೆ ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರವಿದೆ, ದಯವಿಟ್ಟು ತಿಳಿಸಿ. ನಮ್ಮ ಪಾಲು ಈಗ ಸಿಮೆಂಟ್ ನೆಲದ ಮೇಲೆ ತಗಡಿನ ಕೆಳಗೆ ಒಣಗಿದೆ. ಅದು ಹೋಗಿ ಬಂದದ್ದಕ್ಕೆ ನನ್ನ ತಂದೆ ನಿಮ್ಮನ್ನು ಹೊಗಳಿದರು. ಸುದ್ದಿ ಕೇಳಿ ಆ ಭಾನುವಾರ, ಹಬ್ಬವಿಲ್ಲದಿದ್ದರೂ ಮನೆಗೆ ಬಂದಿದ್ದ ನಾನೂ ಅವರೊಂದಿಗೆ ಊಟಕ್ಕೆ ಕುಳಿತಿದ್ದೆ. ಕರಿಯವ್ವನದನ್ನೂ ಬಿಡಿಸಬಹುದಿತ್ತಲ್ಲ ಎಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವರು ಕೇಳಿದರು. ಸಂಬಂಧ ತಟ್ಟೆಯ ಮುಂದೆಯೇ ಕುಳಿತಿತ್ತು. ಅನ್ನ ಕಲಸಿಕೊಂಡು ಉಣ್ಣತೊಡಗಿತು.

ಕರಿಯವ್ವ ನಿಮ್ಮ ಕಚೇರಿಗೆ ಹೋದಾಗ ಗುಮಾಸ್ತರು ಹೇಳಿದ್ದು ಇದು: ದೂರುದಾರರು ಖುದ್ದಾಗಿ ಬಂದು ತಮ್ಮದೇನೂ ತಕರಾರಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ಮಾಲು ಬಿಡುತ್ತೇವೆ. ದೂರುದಾರರು ಯಾರು ಎಂದು ಅವಳು ಕೇಳಿದಳು. ಅದನ್ನು ಹೇಳುವಂತಿಲ್ಲ ಎಂದರು. ಇಂಥ ಬೀಗವನ್ನು ಯಾವ ಕಂಪನಿ ತಯಾರಿಸುತ್ತದೆ? ಕೀಲಿ ಯಾರ ಹತ್ತಿರ ಇದೆ ಎಂದು ಬೀಗಕ್ಕೆ ಗೊತ್ತು, ಆದರೆ ಹೇಳುವುದಿಲ್ಲ. ಕೀಲಿಗೂ ಗೊತ್ತಿತ್ತು. ಅದು ಗದಗಿನಲ್ಲಿ ಕುಳಿತು ನಿಮ್ಮ ಆ್ಯಪ್‌ನಲ್ಲಿ ದೂರು ಹಿಂಪಡೆಯುವ ಬಟನ್ ಹುಡುಕುತ್ತಿತ್ತು. ತೃಪ್ತಿ ವ್ಯಕ್ತಪಡಿಸಿದ ದೂರನ್ನು ಮತ್ತೆ ತೆರೆಯಲಾಗದು ಎಂದು ಬಂತು. ಹೊಸದಾಗಿ ಕನ್ನಡದಲ್ಲಿ ಒಂದು ಮನವಿ ಬರೆದೆ. ಅದಕ್ಕೆ ಈವರೆಗೆ ಟ್ರ್ಯಾಕ್ಟರ್ ಬಂದಿಲ್ಲ. ಆದರೆ ನಿಮ್ಮ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಐದು ನಕ್ಷತ್ರ ಬಂತು, ಸುತ್ತ ಹೂವಿನ ಅಂಚು ಹಾಕಿ: ತೃಪ್ತ ನಾಗರಿಕರೇ ನಮ್ಮ ಬಲ. ಊರಿನವರೆಲ್ಲ ನೋಡಿದರು. ಕರಿಯವ್ವನಿಗೆ ಯಾರೋ ಓದಿ ಹೇಳಿದರಂತೆ.

ಬಟನ್ ಇರಲಿಲ್ಲ ಎಂಬುದು ನೆಪ. ಕಚೇರಿಯ ಬಾಗಿಲಿತ್ತು, ಬಸ್ಸಿತ್ತು. ನಾನು ಹೋಗಲಿಲ್ಲ. ಹೋದರೆ ಊರಿಗೆ ಗೊತ್ತಾಗುತ್ತದೆ, ಅಪ್ಪನಿಗೆ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ನಾಳೆ ಹೋಗುತ್ತೇನೆ ಎಂದುಕೊಂಡೆ, ಕ್ಲಾಸಿಗೆ ಹೋದೆ, ಅಟೆಂಡೆನ್ಸ್ ಪೂರ್ತಿಯಾಯಿತು. ಈ ನಡುವೆ ನನ್ನ ಪಾಪವನ್ನು ಇನ್ನೊಬ್ಬರು ಹೊತ್ತುಕೊಂಡಿದ್ದರು. ನೀವು ಕರಿಯವ್ವನಿಗೆ ಕೊಟ್ಟ ನೋಟಿಸಿನಲ್ಲಿ ನನ್ನ ಇಂಗ್ಲಿಷನ್ನು ಯಾರೋ ನಿಷ್ಠೆಯಿಂದ ಕನ್ನಡಕ್ಕೆ ಇಳಿಸಿದ್ದಾರೆ: ಬಸ್ ಚಾಲಕನೊಂದಿಗೆ ಜಗಳವಾಡಿ, ಧಾನ್ಯದ ಆಮಿಷ ಒಡ್ಡಿ. ಬೊಗಸೆಯ ಮಾತು ಹೊರಗೆ ಹೋಗಬೇಕಾದರೆ ಹೇಳಿದವನು ಬಾಷಾಸಾಬನೇ ಇರಬೇಕು ಎಂದು ರಸ್ತೆಯಲ್ಲಿ ಒಕ್ಕುವ ಹೆಂಗಸರು ತೀರ್ಮಾನಿಸಿದರು. ಅವರ ತಪ್ಪಲ್ಲ, ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಂದಿನಿಂದ ಆ ರಸ್ತೆಯಲ್ಲಿ ಅವರ ಬಸ್ಸು ಬಂದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು. ಬಾಷಾಸಾಬರು ಕಿಟಕಿಯಿಂದ ಏನಾದರೂ ಅಂದರೆ ಮಾತಿಗೆ ಮಾತು ಬರುತ್ತಿರಲಿಲ್ಲ. ನಾನು ಅದೇ ಬಸ್ಸಿನಲ್ಲಿ ಕುಳಿತು ಅದನ್ನು ನೋಡಿದ್ದೇನೆ. ನಮ್ಮ ರಸ್ತೆ ಈಗ ಬಹಳ ಶಾಂತವಾಗಿದೆ. ಜಗಳವಿಲ್ಲ. ನನ್ನ ದೂರು ನಿಜಕ್ಕೂ ಇತ್ಯರ್ಥವಾಗಿದೆ.

ರಸ್ತೆಯ ಮೇಲೆ ರಾಶಿ ಮಾಡುವುದು ಸರಿ ಎಂದು ನಾನು ವಾದಿಸುತ್ತಿಲ್ಲ. ಬೈಕಿನವರು ಜಾರಿ ಬೀಳುತ್ತಾರೆ, ಕತ್ತಲಲ್ಲಿ ಕಲ್ಲು ಕಾಣುವುದಿಲ್ಲ. ನಾಳೆ ಯಾರಿಗಾದರೂ ಜೀವಕ್ಕೇ ಬಂದರೆ ನನ್ನ ಪಶ್ಚಾತ್ತಾಪ ಅವರಿಗೆ ಏನು ಉಪಯೋಗ? ಆದರೆ ರಾಶಿ ಮಾಡುವವರು ರಸ್ತೆಗೆ ಬಂದದ್ದು ಏಕೆ ಎಂದು ನಾನು ಕೇಳಲಿಲ್ಲ, ನನಗೆ ಪರೀಕ್ಷೆಯಿತ್ತು. ನೀವೂ ಕೇಳಲಿಲ್ಲ. ನಿಮಗೆ ಯಾವ ಪರೀಕ್ಷೆಯಿತ್ತು? ಹೆಸರು ಕಟಾವಿಗೆ ಬರುವುದು ಮಳೆಯ ನಡುವೆ. ಮಳೆ ಬಿದ್ದ ಎರೆ ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿ ಉಳಿಯುತ್ತದೆ, ಕಾಲು ಮಾತ್ರ ಬರುತ್ತದೆ. ಅಲ್ಲಿ ಕಾಳು ಒಕ್ಕುವುದು ಹೇಗೆ? ಮೊದಲು ಊರ ಮುಂದೆ ಎಲ್ಲರಿಗೂ ಸೇರಿದ ಗಟ್ಟಿ ನೆಲದ ಕಣವಿತ್ತು. ಅದನ್ನು ನೀವು ಉದ್ಯಾನ ಮಾಡಿದಿರಿ. ಸುತ್ತ ಕಂಬಿ, ಒಳಗೆ ವಾಯುವಿಹಾರಕ್ಕೆಂದು ಸಿಮೆಂಟ್ ಕಲ್ಲು ಜೋಡಿಸಿದ ಅಗಲವಾದ ದಾರಿ, ಒಂದು ಜೋಕಾಲಿ, ಗೇಟಿಗೆ ಬೀಗ. ಉದ್ಘಾಟನೆಗೆ ದೊಡ್ಡವರ ದಿನಾಂಕ ಸಿಕ್ಕಿಲ್ಲವಂತೆ. ಇಡೀ ಊರಿನಲ್ಲಿ ಮಳೆಗಾಲದಲ್ಲೂ ಬೇಗ ಒಣಗುವ ನೆಲ ಅದೊಂದೇ. ನಡೆಯುವವರು ಬೀಗ ಹಾಕಿದ ಉದ್ಯಾನದ ಹೊರಗೆ ರಸ್ತೆಯಲ್ಲಿ ನಡೆಯುತ್ತಾರೆ, ಕಣವಿಲ್ಲದವರು ಅದೇ ರಸ್ತೆಯಲ್ಲಿ ಒಕ್ಕುತ್ತಾರೆ. ಆಕ್ರಮಣ ಯಾರು ಮಾಡಿದರು, ಯಾವುದನ್ನು ಮಾಡಿದರು ಎಂದು ನೀವೇ ನೋಟಿಸು ಬರೆದುಕೊಳ್ಳಿ.

ನಿನ್ನೆ ನಾನು ಕ್ಲಾಸಿಗೆ ಹೋಗಲಿಲ್ಲ. ಬೆಳಗಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು, ಬರೆದವಳು ನಾನು ಎಂದು ಬಾಷಾಸಾಬರಿಗೆ ಹೇಳಿದೆ. ಅವರು ಗೇರ್ ಬದಲಿಸಿದರು. ಎರಡು ಸ್ಟಾಪ್ ದಾಟಿದೆವು. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

"ನನ್ನ ಮ್ಯಾಲ ಬಂತಲ್ಲ, ಅದರದೇನಿಲ್ಲ ತಗೋ. ಆದ್ರ ತಂಗಿ, ನಾವು ಜಗಳಾ ಮಾಡಾಕತ್ತೇವಿ ಅಂತ ನಿನಗ ಹ್ಯಾಂಗ ಅನಸ್ತು? ನೀ ಈ ಊರಾಕಿ ಅಲ್ಲೇನ?"

ಇಳಿಯುವಾಗ ಅವರು ಟಿಕೆಟ್ ಇದೆಯೇ ಎಂದು ಸುಮ್ಮನೆ ಕೇಳಿದರು. ಅದು ತಮಾಷೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ತಿಳಿಯದೇ ಇರುವುದೇ ನನ್ನ ರೋಗ.

ಕರಿಯವ್ವ ನಿಮ್ಮ ಹಿತ್ತಲಿನ ಗೇಟಿನ ಹತ್ತಿರ ಕುಳಿತಿದ್ದಳು. ನಿಮ್ಮ ಕಾವಲುಗಾರ ಒಳ್ಳೆಯವನು. ಹೊರಗಿನಿಂದ ಕಂಬಿಯ ನಡುವೆ ಕೈ ತೂರಿಸಿ ಮುಟ್ಟುವಷ್ಟನ್ನು ಅವಳು ಹೊರಳಿಸಲು ಬಿಡುತ್ತಾನೆ. ಕೈಗೆ ಸಿಕ್ಕಷ್ಟು ಕಾಳು ಒಣಗಿದೆ. ಸಿಗದಿರುವುದರಲ್ಲಿ ಬಿಳಿ ಬಾಲ ಹೊರಬಿದ್ದಿದೆ. ನಾನು ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಅವಳು ಕೈ ಆಡಿಸುವುದನ್ನು ನಿಲ್ಲಿಸಲಿಲ್ಲ. ಬಾಷಾನಿಗೆ ಹೇಳಿದೆಯಾ ಎಂದು ಮಾತ್ರ ಕೇಳಿದಳು. ಹೇಳಿದೆ ಎಂದೆ. ನೋಟಿಸನ್ನು ಅವಳಿಗೆ ಪೂರ್ತಿ ಓದಿ ಹೇಳಿದವರಿರಲಿಲ್ಲ, ನಾನು ಓದಿದೆ. ಕೈ ಎತ್ತಿ ಬೆದರಿಸಿ ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು.

"ಬೆದರಸೂದ? ಯಾರಿಗೆ? ಕಿಟಕ್ಯಾಗ ನೀ ಕುಂತಿದ್ದಿಯಲ್ಲ, ಶೈಲವ್ವಾ. ಹಬ್ಬಕ್ಕ ಬಂದಾಕಿ ಹೊಂಟಾಳ, ಮಾತ ಆಡ್ಸಾಕ ಆಗಲಿಲ್ಲ ಅಂತ ಕೈ ಮಾಡಿದ್ನಿ. ನೀ ಮೊಬೈಲ್ ಎತ್ತಿದಿ. ನಮ್ಮ ಶೈಲವ್ವ ನನ್ನ ಫೋಟೋ ತಗೊಂಡ್ಲು ಅಂತ ಮನ್ಯಾಗ ಎಲ್ಲಾರಿಗೂ ಹೇಳೇನಿ."

ಆಮೇಲೆ ಅವಳು ಮತ್ತೆ ಕಂಬಿಯ ಒಳಗೆ ಕೈ ತೂರಿಸಿದಳು.

ಮಾನ್ಯರೇ, ಈ ಪತ್ರ ಅಚ್ಚಾಗುವ ದಿನ ಬೆಳಿಗ್ಗೆ ನಿಮ್ಮ ಕಚೇರಿ ತೆರೆಯುವ ಮೊದಲೇ ನಾನು ಬಾಗಿಲಲ್ಲಿರುತ್ತೇನೆ. ತಕರಾರಿಲ್ಲ ಎಂದು ಕನ್ನಡದಲ್ಲಿ ಬರೆದುಕೊಡುತ್ತೇನೆ. ಬೇಕಿದ್ದರೆ ಬೇಗ ಕೆಲಸವಾಗಲೆಂದು ಇಂಗ್ಲಿಷಿನಲ್ಲೂ ಬರೆಯುತ್ತೇನೆ. ಆ ಹೊತ್ತಿಗೆ ಪತ್ರಿಕೆ ನಮ್ಮ ತಂದೆಯ ಅಂಗಡಿಯ ಗಲ್ಲಾದ ಮೇಲೂ ಬಿದ್ದಿರುತ್ತದೆ. ನಮ್ಮ ಗೋದಾಮಿನಲ್ಲಿ ಒಣಗಿರುವ ಅರ್ಧವನ್ನು ಅವಳ ಬೀಜಕ್ಕೆ ಕೊಡಿ, ಹೊಲವನ್ನು ಅವಳ ಕೈಯಿಂದ ತೆಗೆಯಬೇಡಿ ಎಂದು ಅವರನ್ನು ಕೇಳುವ ಕೆಲಸ ನನ್ನದು, ನಿಮ್ಮದಲ್ಲ. ನಿಮ್ಮ ಕೆಲಸ ಇಷ್ಟು: ಉಳಿದ ಕಾಳನ್ನು ಅಂದೇ, ನೀವು ಒಯ್ದ ಟ್ರ್ಯಾಕ್ಟರಿನಲ್ಲೇ, ನೀವು ಎತ್ತಿದ ಜಾಗಕ್ಕಲ್ಲ, ಅವಳ ಮನೆ ಬಾಗಿಲಿಗೆ ಮುಟ್ಟಿಸಿ. ಕೆಟ್ಟದ್ದಕ್ಕೆ ಪರಿಹಾರ ಕೊಡಿ. ನೋಟಿಸು ಹಿಂಪಡೆಯಿರಿ. ಉದ್ಯಾನದ ಗೇಟನ್ನು ರಾಶಿಯ ದಿನಗಳಿಗೆ ತೆರೆಯಿರಿ. ದೊಡ್ಡವರು ಬಂದಾಗ ಗುಡಿಸಿಕೊಡಲು ಹೆಂಗಸರು ಒಪ್ಪಿದ್ದಾರೆ. ನನ್ನ ಐದು ನಕ್ಷತ್ರಗಳನ್ನು ಹೂವಿನ ಅಂಚಿನ ಸಮೇತ ಇಳಿಸಿ.

ಕೊನೆಯದಾಗಿ, ನಿಮ್ಮ ಕಡತದಲ್ಲಿ ಸಾಕ್ಷಿಯೆಂದು ಒಂದು ಫೋಟೋ ಇದೆ. ಅದನ್ನು ತೆಗೆದುಹಾಕಬೇಡಿ. ಕೆಳಗೆ ನಾನು ಬರೆದ ಸಾಲನ್ನು ಹೊಡೆದುಹಾಕಿ, ಹೀಗೆ ತಿದ್ದಿ: ಈ ಮಹಿಳೆ, ತಾನು ಎತ್ತಿ ಆಡಿಸಿದ ಹುಡುಗಿಯನ್ನು ಬಸ್ಸಿನ ಕಿಟಕಿಯಲ್ಲಿ ಗುರುತಿಸಿ, ಹೋಗಿ ಬಾ ಎಂದು ಕೈ ಬೀಸುತ್ತಿದ್ದಾಳೆ.

ಇಂತಿ, ಆ ಕೈಗೆ ತಿರುಗಿ ಕೈ ಬೀಸದೆ ಹೋದ ನಿಮ್ಮ ತೃಪ್ತ ನಾಗರಿಕಳು,
ಶೈಲಶ್ರೀ
ಬಿಎಸ್ಸಿ ಮೊದಲ ವರ್ಷ, ನಿನ್ನೆ ಗೈರುಹಾಜರು